ಲೆಕ್ಕದ ವಿದ್ಯೆ, ಮಾನದ ರಕ್ಷೆ

ಹತ್ತನೆಯ ತರಗತಿಯ ಫಲಿತಾಂಶ ಬಂದೊಡನೆ ನಮ್ಮ ಸಮಾಜದ ಮನೆಗಳಲ್ಲಿ ಒಂದೇ ಚರ್ಚೆ ಆರಂಭವಾಗುತ್ತದೆ. ಮಕ್ಕಳಿಗೆ ಮುಂದೆ ಏನನ್ನು ಓದಿಸಬೇಕು? ಹೆಚ್ಚು ಅಂಕ ಬಂದವರಿಗೆ ವಿಜ್ಞಾನ, ನಡುವಿನವರಿಗೆ ವಾಣಿಜ್ಯ, ಉಳಿದವರಿಗೆ ಕಲೆ ಎಂಬ ಪಂಕ್ತಿಭೇದವೊಂದು ಎಲ್ಲಿಯೂ ಬರೆದಿರದಿದ್ದರೂ ಎಲ್ಲೆಡೆ ನಡೆದುಬಂದಿದೆ. ಊಟದ ಪಂಕ್ತಿಯಲ್ಲಿ ಭೇದವನ್ನು ಒಪ್ಪದ ಶರಣರ ಮನೆಗಳಿಗೆ ವಿದ್ಯೆಯ ಪಂಕ್ತಿಯಲ್ಲಿ ಅದು ಶೋಭಿಸದು. ವಾಣಿಜ್ಯ ಪದವಿ, ಅದರಲ್ಲಿಯೂ ಅದರ ಜೀವಾಳವಾದ ಲೆಕ್ಕಶಾಸ್ತ್ರದ ಬಗೆಗೆ ನಾವು ಕಂಡುಕೊಂಡ ಕೆಲವು ಸಂಗತಿಗಳನ್ನು ಓದುಗ ಬಂಧುಗಳ ಮುಂದೆ ಇಡಬಯಸುತ್ತೇವೆ.

ನಮ್ಮದು ಹುಲಗೋಳದಲ್ಲಿ ನೆಲೆಸಿದ ಒಂದು ಸಾಧಾರಣ ಕುಟುಂಬ. ಸ್ವಲ್ಪ ಅಡಿಕೆ ತೋಟ, ಒಂದಿಷ್ಟು ಗದ್ದೆ. ನಮ್ಮ ತಮ್ಮನ ಮಗಳು ಹತ್ತನೆಯ ತರಗತಿಯಲ್ಲಿ ಒಳ್ಳೆಯ ಅಂಕಗಳನ್ನು ಪಡೆದಾಗ ಬಂಧುಗಳೆಲ್ಲರೂ ವಿಜ್ಞಾನವನ್ನೇ ಸೂಚಿಸಿದರು. ಅವಳ ಸೋದರಮಾವನಂತೂ, "ಇಷ್ಟು ಜಾಣ ಹುಡುಗಿಯನ್ನು ಲೆಕ್ಕ ಬರೆಯಲು ಕೂರಿಸುತ್ತೀರಾ ಭಾವ?" ಎಂದು ಕೇಳಿಯೇಬಿಟ್ಟನು. ಹುಡುಗಿ ಮಾತ್ರ ತನ್ನ ನಿರ್ಧಾರವನ್ನು ಬದಲಿಸಲಿಲ್ಲ. ಪಿ.ಯು.ಸಿ.ಯಲ್ಲಿ ವಾಣಿಜ್ಯವನ್ನು ಓದಿ, ಬಳಿಕ ಸಿರಸಿಯಲ್ಲಿ ಬಿ.ಕಾಂ. ತರಗತಿಗೆ ಸೇರಿದಳು. ಬೆಳಗಿನ ಬಸ್ಸಿಗೆ ಹೋಗಿ ಸಂಜೆಯ ಬಸ್ಸಿಗೆ ಮರಳುವ ಅವಳ ದಿನಚರಿಯೊಡನೆ ಹೊಸದೊಂದು ಶಾಸ್ತ್ರವೂ ನಮ್ಮ ಮನೆಯನ್ನು ಪ್ರವೇಶಿಸಿತು.

ಮೊದಲ ವರ್ಷದಲ್ಲಿಯೇ ಮನೆಯಲ್ಲಿ ಒಂದು ತಮಾಷೆಯ ವಾದ ಎದ್ದಿತು. ಅಡಿಕೆ ಮಾರಿದ ಹಣ ಕೈಗೆ ಬಂದರೆ ನಮ್ಮ ಕಿರ್ದಿಯಲ್ಲಿ ಅದು ಜಮಾ. ಅವಳ ಪುಸ್ತಕದಲ್ಲಿಯಾದರೋ ನಗದು ಖಾತೆಗೆ ಡೆಬಿಟ್, ಎಂದರೆ ನಾವೆ. ಬಂದ ಹಣವನ್ನು ನಾವೆಗೆ ಬರೆಯುವ ಶಾಸ್ತ್ರ ಎಂಥದೆಂದು ಹಿರಿಯರು ನಕ್ಕರು. ಅವಳು ಸಾವಧಾನವಾಗಿ ತಿಳಿಸಿ ಹೇಳಿದಳು. ಹಳೆಯ ಕಿರ್ದಿಯು ಹಣ ಕೊಟ್ಟವನ ಹೆಸರಿಗೆ ಜಮಾ ಬರೆಯುತ್ತದೆ. ಕಾಲೇಜಿನ ಪದ್ಧತಿಯು ಹಣವನ್ನು ಪಡೆದ ನಗದು ಖಾತೆಯನ್ನು ಡೆಬಿಟ್ ಮಾಡಿ, ಕೊಟ್ಟ ಖಾತೆಗೆ ಕ್ರೆಡಿಟ್ ಮಾಡುತ್ತದೆ. ಎರಡೂ ಒಂದೇ ಸತ್ಯದ ಎರಡು ಮುಖಗಳು. ಪ್ರತಿಯೊಂದು ವ್ಯವಹಾರಕ್ಕೂ ಕೊಡುವ ಕೈ ಒಂದು, ಕೊಳ್ಳುವ ಕೈ ಒಂದು ಇರುವುದರಿಂದ ಎರಡನ್ನೂ ಬರೆಯಲೇಬೇಕು. ವೆನಿಸ್ ನಗರದ ವರ್ತಕರ ಈ ಜೋಡಿ ನಮೂದಿನ ಪದ್ಧತಿಯನ್ನು ಲೂಕಾ ಪಾಚೋಲಿ ಎಂಬ ಕ್ರೈಸ್ತ ಸಂನ್ಯಾಸಿಯು 1494ರಲ್ಲಿ ತನ್ನ ಗಣಿತ ಗ್ರಂಥದಲ್ಲಿ ಅಚ್ಚು ಹಾಕಿಸಿದನು. ಇಂದಿಗೂ ಜಗತ್ತಿನ ಲೆಕ್ಕಗಳು ಅದೇ ತಳಹದಿಯ ಮೇಲೆ ನಿಂತಿವೆ.

ಈ ವಿದ್ಯೆಯ ನಿಜವಾದ ಬೆಲೆ ನಮಗೆ ಅರಿವಾದದ್ದು ಅವಳು ಪದವಿಯ ಎರಡನೆಯ ವರ್ಷದಲ್ಲಿದ್ದಾಗ. ನಮ್ಮ ಕೇರಿಯ ಹೆಣ್ಣುಮಕ್ಕಳದೊಂದು ಸ್ವಸಹಾಯ ಸಂಘವಿದೆ. ಹದಿನಾಲ್ಕು ಮಂದಿ ಸದಸ್ಯೆಯರು. ಹಣಕಾಸಿನ ಹೊಣೆ ಹೊತ್ತವರು ನಾಲ್ಕನೆಯ ಇಯತ್ತೆಯವರೆಗೆ ಓದಿದ ಒಬ್ಬ ವೃದ್ಧೆ; ಎಲ್ಲರ ಮನೆಯ ಕಷ್ಟಕ್ಕೂ ಒದಗಿ ಬರುವ ತಾಯಿ. ಆ ವರ್ಷ ಮಾರ್ಚ್ 31ರಂದು ಸಂಘದ ಪುಸ್ತಕದ ಪ್ರಕಾರ ಬ್ಯಾಂಕಿನಲ್ಲಿ 64,350 ರೂಪಾಯಿ ಇರಬೇಕಾಗಿತ್ತು. ಪಾಸ್‌ಬುಕ್ಕಿನಲ್ಲಿ ಇದ್ದದ್ದು 52,950. ಕೊರತೆ 11,400 ರೂಪಾಯಿ.

ಆ ತಾಯಿ ಕದ್ದರೆಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಆದರೆ ಅವರ ಜಗಲಿಗೆ ಬರುವವರು ಕಡಿಮೆಯಾದರು. ಬಾವಿಕಟ್ಟೆಯಲ್ಲಿ ಅವರು ಬಂದರೆ ಮಾತು ನಿಲ್ಲುತ್ತಿತ್ತು. ಒಂದು ಸಂಜೆ ಅವರು ನಮ್ಮ ಮನೆಗೆ ಬಂದು, ಕೈಯ ಬಳೆಗಳನ್ನು ಅಡವಿಟ್ಟಾದರೂ ಹಣ ತುಂಬುವೆನೆಂದು ಕಣ್ಣೀರು ತಂದುಕೊಂಡರು. ತುಂಬಿದರೆ ಹಣ ಸರಿಹೋದೀತು, ಮಾನ ಹೋಗಿಬಿಡುತ್ತಿತ್ತು. ತುಂಬಿದುದೇ ತಪ್ಪೊಪ್ಪಿಗೆಯೆಂದು ಊರು ತಿಳಿಯುತ್ತಿತ್ತು.

ಹುಡುಗಿ ಸಂಘದ ನಗದು ಪುಸ್ತಕ, ಪಾಸ್‌ಬುಕ್ಕು, ರಸೀದಿಗಳ ಕಟ್ಟು ಇಷ್ಟನ್ನೂ ತರಿಸಿಕೊಂಡು ಎರಡು ಸಂಜೆ ಕುಳಿತಳು. ಪುಸ್ತಕದ ಒಂದೊಂದು ನಮೂದಿಗೂ ಪಾಸ್‌ಬುಕ್ಕಿನಲ್ಲಿ ಜೊತೆ ಹುಡುಕಿ ಪೆನ್ಸಿಲಿನಿಂದ ಗುರುತು ಹಾಕಿದಳು. ಕೊನೆಗೆ ಜೊತೆಯಿಲ್ಲದೆ ಉಳಿದವು ಎರಡೇ. ಸದಸ್ಯೆಯೊಬ್ಬರು ಸಾಲದ ಮರುಪಾವತಿಗೆಂದು ಕೊಟ್ಟ 9,600 ರೂಪಾಯಿಯ ಚೆಕ್ಕನ್ನು ಮಾರ್ಚ್ 30ರಂದು ಬ್ಯಾಂಕಿಗೆ ಕಟ್ಟಲಾಗಿತ್ತು. ಪುಸ್ತಕದಲ್ಲಿ ಅಂದೇ ಬರೆಯಲಾಗಿತ್ತು. ಬ್ಯಾಂಕಿನಲ್ಲಿ ಅದು ಜಮೆಯಾದದ್ದು ಏಪ್ರಿಲಿನಲ್ಲಿ. ಇನ್ನೊಂದು, ಸಂಘದ ಸಾಲದ ಮೇಲಿನ 1,800 ರೂಪಾಯಿ ಬಡ್ಡಿ. ಬ್ಯಾಂಕು ಅದನ್ನು ತಾನೇ ಮುರಿದುಕೊಂಡಿತ್ತು. ಪುಸ್ತಕಕ್ಕೆ ಆ ಸುದ್ದಿ ಬಂದಿರಲಿಲ್ಲ. ಎರಡೂ ಕೂಡಿದರೆ 11,400.

"ಹಣ ಕಳೆದಿಲ್ಲ ದೊಡ್ಡಪ್ಪಾ, ಎರಡು ಪುಸ್ತಕಗಳು ಬೇರೆ ಬೇರೆ ದಿನ ಬರೆದುಕೊಂಡಿವೆ, ಅಷ್ಟೆ" ಎಂದಳು. ಇದಕ್ಕೆ ಬ್ಯಾಂಕ್ ಹೊಂದಾಣಿಕೆ ಪಟ್ಟಿ ಎಂದು ಹೆಸರು; ಲೆಕ್ಕಶಾಸ್ತ್ರದ ಆರಂಭದ ಪಾಠಗಳಲ್ಲಿಯೇ ಇದನ್ನು ಕಲಿಸುತ್ತಾರೆ. ಮರುವಾರ ಸಂಘದ ಸಭೆಯಲ್ಲಿ ಅವಳು ಆ ಒಂದು ಹಾಳೆಯನ್ನು ಓದಿದಳು. ಆ ವೃದ್ಧೆ ಕೇಳಿದ್ದು ಒಂದೇ ಮಾತು: "ಇನ್ನೊಮ್ಮೆ ಗಟ್ಟಿಯಾಗಿ ಓದವ್ವಾ." ಎರಡನೆಯ ಸಲ ಓದುವಾಗ ಸಭೆಯಲ್ಲಿ ಅನೇಕರು ತಲೆ ತಗ್ಗಿಸಿದ್ದರು. ಸಂಘ ಉಳಿಯಿತು, ಆ ತಾಯಿಯೇ ಇಂದಿಗೂ ಅದರ ಹಣಕಾಸನ್ನು ನೋಡಿಕೊಳ್ಳುತ್ತಿದ್ದಾರೆ.

ಅಂದಿನಿಂದ ನಮ್ಮ ಮನಸ್ಸಿನಲ್ಲಿ ಒಂದು ವಿಚಾರ ದೃಢವಾಗಿದೆ. ಲೆಕ್ಕ ಇರುವುದು ಕಳ್ಳನನ್ನು ಹಿಡಿಯಲಿಕ್ಕೆ ಎಂದು ಜನ ತಿಳಿಯುತ್ತಾರೆ. ಅದಕ್ಕಿಂತ ಹೆಚ್ಚಾಗಿ ಅದು ಬೇಕಾಗಿರುವುದು ಪ್ರಾಮಾಣಿಕರಿಗೆ. ಸಂಶಯ ಬಂದ ದಿನ ಸತ್ಯವಂತರ ಕೈಯಲ್ಲಿ ತೋರಿಸಲು ಇರುವುದು ಅದೊಂದೇ. ನಮ್ಮ ಪರಂಪರೆಗೆ ಇದು ಹೊಸ ಮಾತಲ್ಲ. ಅಣ್ಣ ಬಸವಣ್ಣನವರು ಮಂಗಳವೇಢೆಯಲ್ಲಿ ಬಿಜ್ಜಳನ ಕರಣಿಕರಾಗಿ ಸೇವೆಗೆ ಸೇರಿ ಮುಂದೆ ಭಂಡಾರಿಗಳಾದರೆಂದು ಪರಂಪರೆ ಹೇಳುತ್ತದೆ. ಭಂಡಾರದ ಧನವನ್ನು ಜಂಗಮರಿಗೆ ಸವೆಸಿದರೆಂಬ ದೂರು ಬಂದಾಗ, ಎಣಿಸಿ ನೋಡಲಾಗಿ ಏನೂ ಕೊರತೆ ಇರಲಿಲ್ಲವೆಂಬ ಕಥೆಯನ್ನು ನಾವೆಲ್ಲರೂ ಬಾಲ್ಯದಿಂದ ಕೇಳಿದ್ದೇವೆ. ದಿನದ ಅಳತೆಗಿಂತ ಹೆಚ್ಚು ಅಕ್ಕಿ ತಂದ ಮಾರಯ್ಯನನ್ನು ಹೆಚ್ಚಿನದನ್ನು ಹಿಂದಿರುಗಿಸಿ ಬರಲು ಕಳಿಸಿದ ಆಯ್ದಕ್ಕಿ ಲಕ್ಕಮ್ಮನ ಮನೆಯಲ್ಲಿ ಪುಸ್ತಕವಿರಲಿಲ್ಲ. ಲೆಕ್ಕ ಮಾತ್ರ ಚೊಕ್ಕವಾಗಿತ್ತು.

ನಮ್ಮ ನಾಡಿನ ಸಹಕಾರ ಜೀವನವೂ ಈ ವಿದ್ಯೆಯನ್ನೇ ಆಧರಿಸಿದೆ. 1904ರಲ್ಲಿ ಸಹಕಾರಿ ಸಾಲ ಸಂಘಗಳ ಕಾಯಿದೆ ಬಂದ ಮರುವರ್ಷವೇ, 1905ರಲ್ಲಿ, ಇಂದಿನ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಸಹಕಾರಿ ಸಂಘವನ್ನು ಸ್ಥಾಪಿಸಿ ಇಡೀ ಭಾರತಕ್ಕೆ ದಾರಿ ತೋರಿದರು. ಸಿರಸಿಯ ತೋಟಗಾರರ ಮಾರಾಟ ಸಂಘ 1923ರಲ್ಲಿ ಹುಟ್ಟಿತು. ನಮ್ಮ ಹುಲಗೋಳದ ಹೆಸರನ್ನೇ ಹೊತ್ತ ಸೇವಾ ಸಹಕಾರಿ ಸಂಘವೂ ಇದೆ. ಈ ಸೀಮೆಯ ರೈತರ ಬೆಳೆ, ಸಾಲ, ಠೇವಣಿಗಳು ಇಂಥ ಸಂಘಗಳ ಪುಸ್ತಕಗಳಲ್ಲಿ ಅಡಗಿವೆ. ವಾರ್ಷಿಕ ಮಹಾಸಭೆಗೆ ಮುನ್ನ ಸದಸ್ಯರ ಕೈಗೆ ಬರುವ ಅಢಾವೆ ಪತ್ರಿಕೆಯನ್ನು ಓದಬಲ್ಲ ಒಬ್ಬರಾದರೂ ಮನೆಯಲ್ಲಿ ಇದ್ದರೆ, ಆ ಮನೆ ಸಭೆಯಲ್ಲಿ ವಿಚಾರಪೂರ್ವಕವಾಗಿ ಕೈ ಎತ್ತಬಲ್ಲದು.

ಒಂದು ಕಾಲದಲ್ಲಿ ಈ ವಿದ್ಯೆ ಬಹುದೂರದ್ದಾಗಿತ್ತು. ನಮ್ಮ ಜಿಲ್ಲೆ 1956ರವರೆಗೆ ಮುಂಬಯಿ ಆಡಳಿತದಲ್ಲಿತ್ತು; ಸಿಡೆನ್‌ಹ್ಯಾಮ್ ವಾಣಿಜ್ಯ ಕಾಲೇಜು 1913ರಲ್ಲಿ ಆರಂಭವಾದದ್ದೂ ಆ ಮಹಾನಗರದಲ್ಲಿಯೇ. 1947ರಲ್ಲಿ ಕೆ.ಎಲ್.ಇ. ಸಂಸ್ಥೆಯು ಹುಬ್ಬಳ್ಳಿಯಲ್ಲಿ ಜಗದ್ಗುರು ಗಂಗಾಧರ ವಾಣಿಜ್ಯ ಕಾಲೇಜನ್ನು ತೆರೆಯಿತು. 1949ರಲ್ಲಿ ಸ್ಥಾಪಿತವಾದ ಕರ್ನಾಟಕ ವಿಶ್ವವಿದ್ಯಾಲಯವು ಮರುವರ್ಷ ಧಾರವಾಡಕ್ಕೆ ಬಂದಿತು. ಇಂದು ಸಿರಸಿ, ಸಿದ್ದಾಪುರಗಳಲ್ಲಿಯೇ ಬಿ.ಕಾಂ. ಓದಬಹುದು. ಹೆಣ್ಣುಮಕ್ಕಳು ಮನೆಯ ಊಟ ಉಂಡು ಪದವಿ ಪಡೆಯುವ ಅನುಕೂಲ ಒದಗಿದೆ.

ಗಣಕಯಂತ್ರವೇ ಲೆಕ್ಕ ಬರೆಯುವಾಗ ಈ ಓದೇಕೆ ಎಂದು ಕೆಲವರು ಕೇಳುತ್ತಾರೆ. ಬೆಂಗಳೂರಿನ ಟ್ಯಾಲಿ ಇಂದು ಸಣ್ಣ ಅಂಗಡಿಗಳಲ್ಲಿಯೂ ಇದೆ. 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದ ಮೇಲೆ ಅದರ ಬಳಕೆ ಇನ್ನೂ ಅನಿವಾರ್ಯವಾಗಿದೆ. ಯಂತ್ರ ಕೂಡಿಸುತ್ತದೆ, ಕಳೆಯುತ್ತದೆ. ಯಾವುದನ್ನು ಯಾವ ಖಾತೆಗೆ ಹಾಕಬೇಕೆಂಬ ವಿವೇಕ ಮನುಷ್ಯನದೇ. ಹೊಸ ಅಡಿಕೆ ಸಸಿ ಫಲ ಕೊಡಲು ಐದಾರು ವರ್ಷ ಬೇಕು. ಅದಕ್ಕೆ ಹಾಕಿದ ಹಣ ಈ ವರ್ಷದ ಖರ್ಚೋ, ಮುಂದಿನ ವರ್ಷಗಳ ಬಂಡವಾಳವೋ? ಇಂಥ ಪ್ರಶ್ನೆಯನ್ನು ಕೇಳಲು ಕಲಿಸುವುದೇ ಲೆಕ್ಕಶಾಸ್ತ್ರ.

ಮುಂದಿನ ದಾರಿಯೂ ಕಿರಿದಲ್ಲ. ನಮ್ಮ ರಾಜ್ಯದಲ್ಲಿ 2024–25ರಿಂದ ಪದವಿ ಮತ್ತೆ ಮೂರು ವರ್ಷಗಳದ್ದಾಗಿದೆ. ವಾಣಿಜ್ಯ ಪದವಿಯಲ್ಲಿ ಶೇ. 55 ಅಂಕ ಪಡೆದವರು ಸಿ.ಎ. ವ್ಯಾಸಂಗದ ಪ್ರವೇಶ ಪರೀಕ್ಷೆಯನ್ನು ಬರೆಯದೆ ನೇರವಾಗಿ ಮಧ್ಯಮ ಹಂತಕ್ಕೆ ಸೇರಬಹುದು. ಬ್ಯಾಂಕು, ಸಹಕಾರಿ ಸಂಘ, ಲೆಕ್ಕಪರಿಶೋಧನೆ, ಸ್ವಂತ ಉದ್ಯೋಗ ಎಲ್ಲಕ್ಕೂ ಅವಕಾಶವಿದೆ. ಕನ್ನಡ ಮಾಧ್ಯಮದ ಮಕ್ಕಳಿಗೆ ಇಂಗ್ಲಿಷ್ ಪುಸ್ತಕಗಳು ಮೊದಲ ವರ್ಷ ತೊಡಕಾಗುವುದು ನಿಜ. ನಮ್ಮ ಹುಡುಗಿ ಪ್ರತಿಯೊಂದು ಶಬ್ದದ ಮುಂದೆ ನಾವೆ, ಜಮಾ, ಶಿಲ್ಕು, ಸವಕಳಿ ಎಂದು ಮನೆಯ ಮಾತನ್ನು ಬರೆದುಕೊಂಡು ಆ ತೊಡಕನ್ನು ದಾಟಿದಳು.

ಆದುದರಿಂದ ತಂದೆತಾಯಿಗಳಲ್ಲಿ ನಮ್ಮ ವಿನಂತಿ ಇಷ್ಟೇ: ಮಗುವಿಗೆ ಅಂಕಿಗಳಲ್ಲಿ ಆಸಕ್ತಿಯೂ ಸ್ವಭಾವದಲ್ಲಿ ಶಿಸ್ತೂ ಇದ್ದರೆ, ಎಷ್ಟೇ ಜಾಣ ಮಗುವಾಗಿರಲಿ, ವಾಣಿಜ್ಯವನ್ನು ಓದಲು ಸಂತೋಷದಿಂದ ಕಳುಹಿಸಿರಿ. ಮಠದ ದಾಸೋಹ, ಜಾತ್ರೆಯ ವಂತಿಗೆ, ಸಂಘದ ಉಳಿತಾಯ ಇವೆಲ್ಲ ನಂಬಿಕೆಯ ಮೇಲೆ ನಡೆಯುವ ಕಾರ್ಯಗಳು. ಆ ನಂಬಿಕೆಯನ್ನು ಹೊತ್ತವರ ಮಾನವನ್ನು ಕಾಯಬಲ್ಲ ಒಂದು ಮಗುವಾದರೂ ಪ್ರತಿಯೊಂದು ಊರಿನಲ್ಲಿ ಬೆಳೆಯಲಿ.