ಒಂದೂವರೆ ನಿಮಿಷದ ತಕರಾರು

ಫೆಬ್ರವರಿ 8, 2025, ಶನಿವಾರ. ನಂಜನಗೂಡು

ಟಿ. ನರಸೀಪುರದ ಗೊಬ್ಬರದಂಗಡಿ ಮಾಲೀಕರ ಫೋನು. “ಸಾರ್, ಶಟ್‌ಡೌನ್ ಒತ್ತಿದ್ರೆ ಒಂದೂವರೆ ನಿಮಿಷ ಹಂಗೇ ನಿಂತ್ಕೋತದೆ. ಕರೆಂಟ್ ಹೋದಾಗಂತೂ ಯುಪಿಎಸ್ ಕೂಗ್ತಾನೇ ಇರ್ತದೆ.”

ಒಂದೂವರೆ ನಿಮಿಷ ಅಂದಾಗಲೇ ಸುಳಿವು ಸಿಕ್ಕಿತು. ಉಬುಂಟುವಿನ ಸಿಸ್ಟಮ್‌ಡಿ ಪ್ರತಿ ಸರ್ವಿಸ್‌ಗೂ ಮೊದಲು ಸಿಗ್‌ಟರ್ಮ್ ಕಳಿಸಿ ‘ಮುಗಿಸಿಕೋ’ ಅನ್ನುತ್ತದೆ. ಯೂನಿಟ್ ಫೈಲಿನಲ್ಲಿ ಬೇರೆ ಮಿತಿ ಇಲ್ಲದಿದ್ದರೆ 90 ಸೆಕೆಂಡ್ ಕಾಯುತ್ತದೆ. ಆಮೇಲೆ ಸಿಗ್‌ಕಿಲ್. ಯಾವುದೋ ಒಂದು ಸರ್ವಿಸ್ ಮೊದಲ ಮಾತಿಗೆ ಬಗ್ಗುತ್ತಿಲ್ಲ.

ಅವರ ಮಗ ಫೋನು ಕಿತ್ತುಕೊಂಡು, “ವಿಂಡೋಸ್‌ನಲ್ಲಿ ಸರ್ವಿಸ್‌ಗೆ ಐದೇ ಸೆಕೆಂಡು ಅಲ್ವಾ ಸಾರ್, ಇದ್ರಲ್ಲೂ ಅಷ್ಟೇ ಇಟ್ಬಿಡಿ” ಅಂದ. ಹುಡುಗ ಹೇಳಿದ್ದು ಸರಿಯೇ, ಈಗಿನ ವಿಂಡೋಸ್‌ನಲ್ಲಿ 5000 ಮಿಲಿಸೆಕೆಂಡ್. ಫೆಡೋರಾ ಲಿನಕ್ಸ್‌ನವರೂ 15 ಸೆಕೆಂಡಿಗೆ ಇಳಿಸಲು ಹೊರಟು, ವಾದ ನಡೆದು, 2023ರಲ್ಲಿ 45ಕ್ಕೆ ನಿಂತರು. ಆದರೆ ಬಿಲ್ಲಿಂಗ್ ಡೇಟಾಬೇಸ್ ಇರುವ ಕಡೆ ಐದು ಸೆಕೆಂಡಿಗೆ ನಾನಂತೂ ಒಪ್ಪುವುದಿಲ್ಲ.

ಫೆಬ್ರವರಿ 9, ಭಾನುವಾರ. ಟಿ. ನರಸೀಪುರ

ಸೋಮವಾರದಿಂದ ಕುಂಭಮೇಳ, ಆಮೇಲೆ ಬಸ್ಸಿನಲ್ಲಿ ಕಾಲಿಡಲೂ ಆಗದು ಅಂತ ಇವತ್ತೇ ಬಂದೆ. ಸಂಗಮದ ಕಡೆ ಶಾಮಿಯಾನ, ಬ್ಯಾರಿಕೇಡ್, ಪೊಲೀಸರು.

ಹಿಂದಿನ ಬೂಟ್‌ನ ಲಾಗ್ ತೆಗೆದರೆ ಕಳ್ಳ ಸಿಕ್ಕ: ಗೋಡೌನಿನ ಕಂಪ್ಯೂಟರ್‌ಗೆ ಬ್ಯಾಕಪ್ ಕಳಿಸುವ ಸ್ಕ್ರಿಪ್ಟು. ಗೋಡೌನಿಗೆ ಯುಪಿಎಸ್ ಇಲ್ಲ. ಕರೆಂಟ್ ಹೋದರೆ ಅಲ್ಲಿನ ಮೆಷಿನ್ ಮೊದಲೇ ಆಫ್, ಇದು ಉತ್ತರಕ್ಕೆ ಕಾಯುತ್ತಾ ಕೂತಿರುತ್ತದೆ. ನಡುವೆ ನಿಂತರೆ ಮುಂದಿನ ಸಲ ಮೊದಲಿನಿಂದ ಕಾಪಿ ಮಾಡುತ್ತದೆ, ನಷ್ಟವೇನಿಲ್ಲ. ಅದೊಂದಕ್ಕೆ ಮಾತ್ರ 10 ಸೆಕೆಂಡ್ ಕೊಟ್ಟೆ. ಉಳಿದವಕ್ಕೆ 90 ಹಾಗೇ ಇರಲಿ. ಬೇಗ ಮುಗಿಸುವ ಸರ್ವಿಸ್‌ಗೆ ಮಿತಿ ಎಷ್ಟಿದ್ದರೂ ಒಂದೇ.

ಯೋಚನೆಗೆ ಹಚ್ಚಿದ್ದು ಬಿಲ್ಲಿಂಗ್ ಡೇಟಾಬೇಸ್ ಮಾರಿಯಾಡಿಬಿ. ಅದರ ಯೂನಿಟ್ ಫೈಲಿನಲ್ಲಿರುವುದು 900 ಸೆಕೆಂಡ್, ಅಂದರೆ ಕಾಲು ಗಂಟೆ. ಪ್ಲಗ್ ಕಿತ್ತು ನೋಡಿದೆ. ಹಳೇ ಬ್ಯಾಟರಿ ಆರು ನಿಮಿಷವೂ ತಡೆಯಲಿಲ್ಲ. ಹಾಗಂತ 900 ಕಡಿತ ಮಾಡಿದರೆ ಬರೆಯುತ್ತಿರುವಾಗಲೇ ಕತ್ತು ಹಿಸುಕಿದಂತೆ. ಮಿತಿ ಇಳಿಸುವ ಬದಲು ಶಟ್‌ಡೌನ್ ಬೇಗ ಶುರುವಾಗಬೇಕು. ಯುಪಿಎಸ್‌ಗೆ ಯುಎಸ್‌ಬಿ ಕೇಬಲ್ ಸಿಕ್ಕಿಸಿ, ಅದರ ಮೇಲೆ ಕಣ್ಣಿಡುವ ನಟ್ ಸಾಫ್ಟ್‌ವೇರ್ ಹಾಕಿ, ಕರೆಂಟ್ ಹೋಗಿ ಒಂದು ನಿಮಿಷಕ್ಕೆ ತಾನೇ ಆಫ್ ಆಗುವ ಹಾಗೆ ಮಾಡಿದೆ.

ಫೆಬ್ರವರಿ 12, ಬುಧವಾರ. ನಂಜನಗೂಡು

ಮಧ್ಯಾಹ್ನ ಕರೆಂಟ್ ಹೋಗಿತ್ತಂತೆ, ಕಂಪ್ಯೂಟರ್ ತಾನಾಗೇ ಆಫ್ ಆಯಿತಂತೆ. ಡೇಟಾಬೇಸ್ ನಿಂತದ್ದು ನಾಲ್ಕೇ ಸೆಕೆಂಡಿನಲ್ಲಿ ಅಂತ ಹುಡುಗ ಲಾಗ್‌ನ ಫೋಟೋ ಕಳಿಸಿದ್ದಾನೆ. ಹೊಸ ಬ್ಯಾಟರಿ, ಗೋಡೌನಿಗೊಂದು ಸಣ್ಣ ಯುಪಿಎಸ್ ಹಾಕಿಸಿ ಅಣ್ಣ ಅಂದೆ. “ಮುಂಗಾರು ವ್ಯಾಪಾರ ಆಗ್ಲಿ ಸಾರ್, ನೋಡೋಣ” ಅಂದರು.