ಗಢಮುಕ್ತೇಶ್ವರದ ದಾರಿಯಲ್ಲೊಂದು ಆಲೆಮನೆ

ಮಯೂರ್ ವಿಹಾರದ ನಮಗೆಲ್ಲ ಗಂಗೆಯೆಂದರೆ ಹರಿದ್ವಾರವೇ. ಅದಕ್ಕಿಂತ ಎಷ್ಟೋ ಹತ್ತಿರದಲ್ಲಿ, ಸುಮಾರು 90 ಕಿಲೋಮೀಟರ್ ದೂರದ ಗಢಮುಕ್ತೇಶ್ವರದಲ್ಲೂ ಗಂಗೆ ಹರಿಯುತ್ತಾಳೆ. ಕಳೆದ ಡಿಸೆಂಬರಿನಲ್ಲಿ ನಮ್ಮ ಬಡಾವಣೆಯ ಏಳು ಮಂದಿ ಕನ್ನಡದ ಹುಡುಗ ಹುಡುಗಿಯರು ಅಲ್ಲಿಗೆ ಸೈಕಲ್ಲಿನಲ್ಲಿ ಹೊರಟಾಗ ಎಂಟನೆಯವನಾಗಿ ನಾನೂ ಸೇರಿಕೊಂಡೆ. ವಯಸ್ಸಿನ ಮಾತು ಬಿಡಿ! 1985ರಲ್ಲಿ ಬಾಬಾ ಆಮ್ಟೆಯವರು ನೂರಕ್ಕೂ ಹೆಚ್ಚು ತರುಣ ತರುಣಿಯರನ್ನು ಸೈಕಲ್ ಹತ್ತಿಸಿ ಕನ್ಯಾಕುಮಾರಿಯಿಂದ ಕಾಶ್ಮೀರಕ್ಕೆ ‘ಭಾರತ ಜೋಡೋ’ ಯಾತ್ರೆ ಹೊರಟಾಗ ಅವರಿಗೆ ಎಪ್ಪತ್ತಾಗಿತ್ತು. ಬೆನ್ನಿನ ತೊಂದರೆಯಿಂದ ಕೂರಲಾಗದೆ, ವಾಹನದಲ್ಲಿ ಮಲಗಿಕೊಂಡೇ ಅವರು ಜೊತೆಗೆ ಸಾಗಿದ್ದರು.

ನಿಜಾಮುದ್ದೀನ್ ಸೇತುವೆಯಿಂದ ಉತ್ತರ ಪ್ರದೇಶದ ಗಡಿಯವರೆಗೆ 2018ರಲ್ಲಿ ಹೊಸ ಹೆದ್ದಾರಿಯ ಜೊತೆ ಸೈಕಲ್ ಪಥವೂ ಬಂದಿದೆ. ಆಮೇಲಿನದು ಲಾರಿ, ಧೂಳು, ಮಂಜು. ಹಾಪುಡ ದಾಟಿದ ಮೇಲೆ ಎರಡೂ ಕಡೆ ಕಬ್ಬು. ಅಲ್ಲಿಯೇ ಒಂದು ಸೈಕಲ್ಲಿನ ಟೈರು ಉದ್ದಕ್ಕೆ ಸೀಳಿಹೋಯಿತು.

ಹತ್ತಿರದಲ್ಲೇ ಹೊಗೆಯಾಡುತ್ತಿದ್ದ ಕೊಲ್ಹುವಿನ ಯಜಮಾನರು ಮೊದಲು ಎರಡು ಚಾರ್‌ಪಾಯಿ ಹಾಕಿಸಿದರು, ಆಮೇಲೆ ಏನಾಯಿತೆಂದು ಕೇಳಿದರು. ಮಗನನ್ನು ಮೋಟಾರ್ ಸೈಕಲ್ಲಿನಲ್ಲಿ ಹಾಪುಡಕ್ಕೆ ಅಟ್ಟಿ ಟೈರು ತರಿಸಿದರು. ಅಂಗಡಿಯ ಚೀಟಿಯಲ್ಲಿದ್ದಷ್ಟೇ ಹಣ ತೆಗೆದುಕೊಂಡರು. ಕಬ್ಬಿನ ಹಾಲಿಗೆ, ಮುತ್ತುಗದ ಎಲೆಯ ಮೇಲೆ ಹಾಕಿಕೊಟ್ಟ ಬಿಸಿ ಬೆಲ್ಲಕ್ಕೆ ದುಡ್ಡಿನ ಮಾತೆತ್ತಿದರೆ ಮುಖ ಗಂಟಿಕ್ಕಿದರು. ನಾವು ಕಾರಿನಲ್ಲಿ ಹೋಗಿದ್ದರೆ ಎರಡು ಕಿಲೋ ತೂಗಿಸಿಕೊಂಡು ಮುಂದೆ ಹೋಗುತ್ತಿದ್ದೆವು, ಅಷ್ಟೆ.

ಹುಡುಗರು ಆಗಲೇ ಅವರನ್ನು ‘ತಾವೂಜಿ’ ಎನ್ನತೊಡಗಿದ್ದರು. “ಗಾಂವ್ ಕೌನ್ ಸಾ?” ಎಂದು ಕೇಳಿದರು ತಾವೂಜಿ. “ಮಯೂರ್ ವಿಹಾರ್” ಎಂದರೆ ನಕ್ಕರು. ಅದು ಮನೆಯಾಯಿತು, ಊರು ಯಾವುದು? ಇಲ್ಲೇ ಹುಟ್ಟಿ ಬೆಳೆದ ನಮ್ಮ ಹುಡುಗರು ಮುಖ ಮುಖ ನೋಡಿಕೊಂಡರು. ಒಬ್ಬ ಮಾತ್ರ, “ಸಿದ್ದಾಪುರದ ಹತ್ತಿರ... ಅಜ್ಜಿ ಇದ್ದಾರೆ” ಎಂದ. ಹಳ್ಳಿಯ ಹೆಸರು ನಾಲಿಗೆಗೆ ಬರಲಿಲ್ಲ.

ಅವನಿಗೆ ನಾನೆಂದೆ: ಇದು ನಿನ್ನ ಅಜ್ಜಿಯ ಊರಿನ ಆಲೆಮನೆಯೇ ಕಣಯ್ಯ. ಗಾಣ, ಕೊಪ್ಪರಿಗೆ, ಒಲೆಗೆ ಕಬ್ಬಿನ ಒಣಸಿಪ್ಪೆ, ಎಲ್ಲ ಅದೇ. ಇಲ್ಲಿ ಬೆಲ್ಲವನ್ನು ಗಟ್ಟಿ ಉಂಡೆ ಮಾಡುತ್ತಾರೆ, ಅಲ್ಲಿ ಜೋನಿಬೆಲ್ಲವಾಗಿ ಡಬ್ಬಕ್ಕೆ ತುಂಬುತ್ತಾರೆ. ಆಲೆಮನೆಗೆ ಬಂದವರನ್ನು ಅಲ್ಲೂ ಬರಿಬಾಯಲ್ಲಿ ಕಳಿಸುವುದಿಲ್ಲ.

ಅವನು ಅಲ್ಲಿಂದಲೇ ಅಜ್ಜಿಗೆ ಫೋನು ಹಚ್ಚಿದ. ಊರಿನ ಹೆಸರು ಕೇಳುವ ಮೊದಲೇ ಅತ್ತ ಕಡೆಯಿಂದ ಪ್ರಶ್ನೆ: “ನೊರೆಬೆಲ್ಲ ಕೊಟ್ಟರೇನೋ? ನಮ್ಮಲ್ಲಿ ಆಲೆ ಕಟ್ಟುವುದು ಸಂಕ್ರಾಂತಿ ಕಳೆದ ಮೇಲೆ.” ಹಿಂದಿ ಬಾರದ ಅಜ್ಜಿಯೂ ಕನ್ನಡ ಬಾರದ ತಾವೂಜಿಯೂ ಹುಡುಗನ ಮೂಲಕ ಕಬ್ಬಿನ ಇಳುವರಿ ವಿಚಾರಿಸಿಕೊಂಡರು! ಅಷ್ಟರಲ್ಲಿ ಟೈರು ಬಂತು.

ಹೊರಡುವಾಗ ತಾವೂಜಿ ಕಾಗದದಲ್ಲಿ ಎರಡು ಉಂಡೆ ಬೆಲ್ಲ ಕಟ್ಟಿಕೊಟ್ಟರು. ಒಂದನ್ನು ಆ ರಾತ್ರಿ ಗಂಗೆಯ ದಂಡೆಯ ಧರ್ಮಶಾಲೆಯಲ್ಲಿ ಎಂಟು ಪಾಲು ಮಾಡಿದೆವು. ಇನ್ನೊಂದು ಅಜ್ಜಿಯದು. ಬೇಸಿಗೆ ರಜೆಯಲ್ಲಿ ಅದನ್ನು ಸಿದ್ದಾಪುರಕ್ಕೆ ತಲುಪಿಸುವ ಹೊಣೆ ಮೊಮ್ಮಗನದು.