ವಿಟ್ಬಿಯ ಹಾವುಗಲ್ಲು

ಅಂಗಡಿಯ ಗಾಜಿನ ಕಪಾಟಿನಲ್ಲಿ ಸುರುಳಿ ಸುತ್ತಿಕೊಂಡಿದ್ದ ಆ ಕಲ್ಲನ್ನು ಕಂಡು ನಿಂತುಬಿಟ್ಟೆ. ಸಾಲಿಗ್ರಾಮದೊಳಗೆ ಕಾಣುವುದು ಇದೇ ಸುರುಳಿಯಲ್ಲವೇ! ಎಲ್ಲಿಯ ಗಂಡಕಿ ನದಿ, ಎಲ್ಲಿಯ ಇಂಗ್ಲೆಂಡಿನ ಯಾರ್ಕ್‌ಶೈರ್ ಕಡಲತೀರದ ಈ ವಿಟ್ಬಿ ಊರು! ಆದರೂ ಎರಡೂ ಒಂದೇ ಕುಲದವು. ಎಂದೋ ಅಳಿದುಹೋದ ಅಮೊನೈಟ್ ಎಂಬ ಕಡಲಜೀವಿಯ ಪಳೆಯುಳಿಕೆಗಳು. ನಮ್ಮವರು ಅದರಲ್ಲಿ ವಿಷ್ಣುವಿನ ಚಕ್ರ ಕಂಡರು, ವಿಟ್ಬಿಯವರು ಹಾವನ್ನು ಕಂಡರು. ಇಲ್ಲಿ ಮಠ ನಡೆಸಿದ ಸಂತ ಹಿಲ್ಡಾ ಊರಿನ ಹಾವುಗಳನ್ನೆಲ್ಲ ಕಲ್ಲಾಗಿಸಿದಳೆಂದು ಐತಿಹ್ಯ. ತಲೆಯಿಲ್ಲದ ಹಾವನ್ನು ಯಾರು ನಂಬಿಯಾರು? ಹಿಂದಿನ ಕುಶಲಕರ್ಮಿಗಳು ತಲೆಯನ್ನೂ ಕೆತ್ತಿ ಮಾರಿದರು. ಊರಿನ ಲಾಂಛನದಲ್ಲೂ ಅಂಥ ಮೂರು ಹಾವುಗಳಿವೆ.

ಪಕ್ಕದಲ್ಲೇ ಕಪ್ಪಗೆ ಹೊಳೆಯುವ ಜೆಟ್ ಆಭರಣಗಳು. ಇದು ಕಲ್ಲಲ್ಲ, ಸುಮಾರು 18 ಕೋಟಿ ವರ್ಷಗಳ ಹಿಂದೆ ಕೆಸರಿನಲ್ಲಿ ಹೂತುಹೋದ ಮರ! 1861ರಲ್ಲಿ ಗಂಡನನ್ನು ಕಳೆದುಕೊಂಡ ವಿಕ್ಟೋರಿಯಾ ರಾಣಿ ಶೋಕದ ಒಡವೆಯಾಗಿ ಇದನ್ನು ತೊಟ್ಟಳು. ಇಡೀ ದೇಶ ಅವಳನ್ನು ಅನುಸರಿಸಿತು.

ಎಸ್ಕ್ ನದಿ ಊರನ್ನು ಎರಡಾಗಿ ಸೀಳಿ ಕಡಲು ಸೇರುತ್ತದೆ. ಸೇತುವೆ ದಾಟಿದರೆ ಗ್ರೇಪ್ ಲೇನ್ ಎಂಬ ಇಕ್ಕಟ್ಟಿನ ಓಣಿ. 1746ರಲ್ಲಿ ಹಡಗಿನ ಕೆಲಸ ಕಲಿಯಲು ವಿಟ್ಬಿಗೆ ಬಂದ ಹುಡುಗ ಜೇಮ್ಸ್ ಕುಕ್ ಇದ್ದದ್ದು ಈ ಓಣಿಯಲ್ಲೇ ಅಂತೆ. ಮುಂದೆ ಅವನು ಪೆಸಿಫಿಕ್‌ಗೆ ಒಯ್ದ ಎಂಡೆವರ್ ಕೂಡ ಕಲ್ಲಿದ್ದಲು ಸಾಗಿಸಲೆಂದು ಇಲ್ಲೇ ಕಟ್ಟಿದ ಹಡಗು.

ಆಮೇಲೆ 199 ಮೆಟ್ಟಿಲು. ನಡುನಡುವೆ ಅಗಲವಾದ ಕಟ್ಟೆಗಳಿವೆ. ಮೇಲಿನ ಚರ್ಚಿಗೆ ಶವಪೆಟ್ಟಿಗೆ ಹೊತ್ತವರು ಅಲ್ಲಿ ಅದನ್ನಿಳಿಸಿ ದಣಿವಾರಿಸಿಕೊಳ್ಳುತ್ತಿದ್ದರಂತೆ. ಹತ್ತಿ ಮುಗಿಸಿದರೆ ಬೋಳು ಗುಡ್ಡ, ಮುಖಕ್ಕೆ ರಾಚುವ ಉತ್ತರ ಸಮುದ್ರದ ಗಾಳಿ, ಸೂರಿಲ್ಲದ ಮಠದ ಮುಗಿಲೆತ್ತರದ ಕಮಾನುಗಳು. ಇವು ಹಿಲ್ಡಾಳ ಕಾಲದವಲ್ಲ, ಬಹುಪಾಲು 13ನೇ ಶತಮಾನ ಮತ್ತು ಅದರ ನಂತರದವು. ಅವಳ ಮಠ ಆರಂಭವಾದದ್ದು 657ರಲ್ಲಿ. ಈಸ್ಟರ್ ಹಬ್ಬವನ್ನು ಯಾವ ಲೆಕ್ಕದಲ್ಲಿ ಆಚರಿಸಬೇಕೆಂದು 664ರಲ್ಲಿ ದೊಡ್ಡ ಸಭೆ ಸೇರಿದ್ದೂ ಅಲ್ಲೇ.

ನನ್ನ ಮನಸ್ಸು ಆ ಸಭೆಯ ಮೇಲೆ ನಿಲ್ಲಲಿಲ್ಲ, ಒಬ್ಬ ದನಗಾಹಿಯತ್ತ ಹೊರಳಿತು. ಕೇಡ್ಮನ್ ಎಂಬವನು ಈ ಮಠದ ದನ ನೋಡಿಕೊಳ್ಳುತ್ತಿದ್ದ. ಊಟದ ಕೂಟದಲ್ಲಿ ಎಲ್ಲರೂ ಸರದಿಯಂತೆ ಹಾಡುವಾಗ, ತಂತಿವಾದ್ಯ ಹತ್ತಿರ ಬರುತ್ತಿದ್ದಂತೆಯೇ ನಾಚಿ ಎದ್ದುಹೋಗುತ್ತಿದ್ದನಂತೆ. ಒಂದು ರಾತ್ರಿ ಕೊಟ್ಟಿಗೆಯಲ್ಲಿ ಮಲಗಿದ್ದವನ ಕನಸಿಗೆ ಯಾರೋ ಬಂದು, ಸೃಷ್ಟಿಯನ್ನು ಹಾಡು ಎಂದರು. ಹಾಡಿದ. ಬೆಳಗಾದರೂ ಹಾಡು ಮರೆಯಲಿಲ್ಲ. ಹೆಸರು ಗೊತ್ತಿರುವ ಇಂಗ್ಲಿಷ್ ಕವಿಗಳಲ್ಲಿ ಅವನೇ ಮೊದಲಿಗ! ರಾಜವಂಶದಲ್ಲಿ ಹುಟ್ಟಿದ ಹಿಲ್ಡಾ ಆ ದನಗಾಹಿಯನ್ನು ಕರೆಸಿ, ವಿದ್ವಾಂಸರ ಮುಂದೆ ಹಾಡಿಸಿ, ಮಠದೊಳಕ್ಕೆ ಸೇರಿಸಿಕೊಂಡಳು. ಹಾವನ್ನು ಕಲ್ಲಾಗಿಸಿದ್ದಕ್ಕಿಂತ ಈ ಪವಾಡವೇ ನನಗೆ ದೊಡ್ಡದಾಗಿ ಕಂಡಿತು.